ಬಾಕಿ ಕೇಳುವ ಕಾಗದ



‘ತಗಾದೆ’ ಎಂಬ ಮಾತನ್ನು ನಾವು ಈಗ ಜಗಳ, ತಕರಾರು ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಳಸುತ್ತೇವೆ. ‘ಅವನು ಎಲ್ಲದಕ್ಕೂ ತಗಾದೆ ತೆಗೆಯುತ್ತಾನೆ’ ಎನ್ನುತ್ತೇವೆ. ಅರಬ್ಬಿಯಿಂದ ಹೊರಟು ಪಾರಸಿಯನ್ನು ಹಾದು ಈ ಕಡೆಗೆ ಬಂದ ಆ ಶಬ್ದಕ್ಕೆ ಮೊದಲಿಗೆ ಇದ್ದ ಅರ್ಥ, ತನಗೆ ಸಲ್ಲಬೇಕಾದುದನ್ನು ಕೇಳುವುದು ಎಂದಷ್ಟೆ. ಮರಾಠಿಯ ‘ತಗಾದಾ’, ಹಿಂದಿಯ ‘ತಕಾಜಾ’ ಇಂದಿಗೂ ಆ ಅರ್ಥವನ್ನು ಉಳಿಸಿಕೊಂಡಿವೆ. ನಮ್ಮಲ್ಲಿ ಮಾತ್ರ ಕೇಳುವುದೇ ಜಗಳವಾಗಿಬಿಟ್ಟಿತು. ಒಂದು ಶಬ್ದ ಹೀಗೆ ಜಾರಬೇಕಾದರೆ ಎಷ್ಟು ಅಂಗಡಿಗಳ ಕಟ್ಟೆಯ ಮೇಲೆ ಎಷ್ಟು ಮಾತಿಗೆ ಮಾತು ಬೆಳೆದಿರಬೇಕೋ!

ಜಗಳವಾಗದಂತೆ ಕೇಳುವುದು ಹೇಗೆ ಎಂಬುದು ಈಹೊತ್ತಿನ ನನ್ನ ವಿಷಯ. ಪಾಠ ಹೇಳುತ್ತಿದ್ದವನಿಗೆ ವ್ಯಾಪಾರದ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಸಣ್ಣ ಊರೊಂದರಲ್ಲಿ ಮುದ್ರಣಾಲಯ ನಡೆಸುತ್ತಾರೆ. ಮದುವೆಯ ಕರೆಯೋಲೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ಇವೇ ಅವರ ಜೀವನೋಪಾಯ. ಗಿರಾಕಿಗಳಿಗೆ ಮೊಬೈಲಿನಲ್ಲಿ ಕಳುಹಿಸುವ ನಾಲ್ಕು ಸಾಲನ್ನು ತಿದ್ದಿಕೊಡಿರೆಂದು ಆಗಾಗ ನನ್ನಲ್ಲಿಗೆ ಬರುತ್ತಾರೆ. ‘ಮೇಷ್ಟ್ರೆ, ಕೇಳಿದರೆ ಗಿರಾಕಿ ಹೋಗ್ತಾರೆ, ಕೇಳದಿದ್ದರೆ ಪ್ರೆಸ್ಸೇ ಹೋಗುತ್ತೆ’ ಎಂಬುದು ಅವರ ಮಾತು. ದೊಡ್ಡ ಸಂಸ್ಥೆಗಳಿಗೆ ಈ ಸಂಕಟವಿಲ್ಲ. ಅಲ್ಲಿ ಕೇಳುವವನಿಗೂ ಕೊಡುವವನಿಗೂ ಮುಖಪರಿಚಯವಿರುವುದಿಲ್ಲ. ಸಣ್ಣ ವ್ಯಾಪಾರಿಯಾದರೋ ತನ್ನ ಬಾಕಿದಾರನನ್ನು ನಾಳೆ ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ಕಾಣಬೇಕು, ಅವರ ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ಕೂಡಬೇಕು.

ಹಿಂದಿನವರಿಗೆ ಇದರ ಅರಿವು ಚೆನ್ನಾಗಿತ್ತು. ನಮ್ಮ ಅಜ್ಜಂದಿರ ಕಾಗದಗಳಲ್ಲಿ ‘ಉಭಯಕುಶಲೋಪರಿ’ ಎಂಬೊಂದು ಗಡಿಗಲ್ಲು ಇರುತ್ತಿತ್ತು. ಇತ್ತ ಕ್ಷೇಮ, ಅತ್ತ ತಮ್ಮ ಕ್ಷೇಮಕ್ಕೆ ಬರೆಯಿಸುತ್ತಿರಬೇಕು ಎಂದು ಮುಗಿದ ಮೇಲೆಯೇ ಅಡಕೆಯ ಧಾರಣೆ, ಬರಬೇಕಾದ ರೂಪಾಯಿ, ಕಳುಹಿಸಿದ ಮೂಟೆ. ಇದನ್ನು ನಾವು ಬರಿಯ ಒಣ ಶಿಷ್ಟಾಚಾರವೆಂದು ನಕ್ಕು ಬಿಟ್ಟೆವು. ಆದರೆ ನಮ್ಮ ಸಂಬಂಧ ಮೊದಲು, ಲೆಕ್ಕ ಆಮೇಲೆ ಎಂದು ಆ ಗಡಿಗಲ್ಲು ಬಾಯಿಬಿಟ್ಟು ಹೇಳದೆಯೇ ಹೇಳುತ್ತಿತ್ತು.

ಇನ್ನೊಂದು ಸೂಕ್ಷ್ಮವಿತ್ತು. ೧೮೭೯ರಲ್ಲಿ ಈ ದೇಶಕ್ಕೆ ಅಂಚೆ ಕಾರ್ಡು ಬಂದಾಗ ಅದರ ಬೆಲೆ ಕಾಲಾಣೆ. ಬಡವನ ಕೈಗೂ ಕಾಗದ ಎಟುಕಿತು. ಆದರೆ ಕಾರ್ಡಿಗೆ ಮರೆಯಿಲ್ಲ. ಅಂಚೆಯವನಿಂದ ಹಿಡಿದು ಜಗುಲಿಯ ಮೇಲೆ ಕುಳಿತವರವರೆಗೆ ಯಾರು ಬೇಕಾದರೂ ಓದಬಹುದು. ಕ್ಷೇಮಸಮಾಚಾರಕ್ಕೆ ಕಾರ್ಡು ಸಾಕು, ಬಾಕಿ ಕೇಳುವುದಕ್ಕೆ ಲಕೋಟೆ ಬೇಕು ಎಂಬುದು ಮರ್ಯಾದಸ್ಥ ವ್ಯಾಪಾರಿಗೆ ತಿಳಿಯದ ಸಂಗತಿಯಲ್ಲ. ಇಂದು ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಿಡಿದು ‘ನಿಮ್ಮದು ಇನ್ನೂ ಬಂದಿಲ್ಲ’ ಎಂದು ಬರೆಯುವವರಿದ್ದಾರೆ. ಅದು ಕಾರ್ಡಿಗಿಂತಲೂ ಕಡೆ. ಹಾಗೆ ಬರೆಸಿಕೊಂಡವರು ಹಣವನ್ನು ಆ ದಿನವೇ ಕೊಟ್ಟಾರು. ಆ ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತಲಾರರು.

ಇನ್ನು ಭಾಷೆಯ ಮಾತು. ನನ್ನ ಮಿತ್ರರು ಮೊದಲು ತಂದ ಒಕ್ಕಣೆ ಹೀಗಿತ್ತು: ‘ಇದು ತಮ್ಮ ಬಾಕಿ ಪಾವತಿಯ ಕುರಿತು ಒಂದು ಸೌಮ್ಯ ಜ್ಞಾಪನೆ. ದಯವಿಟ್ಟು ಕೂಡಲೇ ಪಾವತಿಸಿ ಸಹಕರಿಸಿ.’ ಇಂಗ್ಲಿಷಿನ ಅಂಗಿಯನ್ನು ಬಿಚ್ಚಿ ಕನ್ನಡದ ಮೈಗೆ ತೊಡಿಸಿದ ವಾಕ್ಯ ಇದು. ತನ್ನನ್ನು ತಾನೇ ಸೌಮ್ಯವೆಂದು ಕರೆದುಕೊಳ್ಳುವ ಜ್ಞಾಪನೆ ಎಂತಹುದು? ಸೌಮ್ಯನಾದವನು ಹಾಗೆಂದು ಸಾರಿಕೊಂಡು ತಿರುಗುತ್ತಾನೆಯೆ? ‘ದಯವಿಟ್ಟು’ ಎಂಬುದೂ ಹಾಗೆಯೇ. ಅದು ನಮ್ಮ ಫಲಕಗಳ ಭಾಷೆ, ಪ್ರಕಟಣೆಗಳ ಭಾಷೆ. ಮನೆಮಾತಿನಲ್ಲಿ ಅದನ್ನು ಕೇಳುವುದು ಅಪರೂಪ. ನೆರೆಮನೆಯವರನ್ನು ನಾವು ‘ದಯವಿಟ್ಟು ಏಣಿಯನ್ನು ನೀಡಿ’ ಎನ್ನುವುದಿಲ್ಲ. ‘ಏಣಿ ಸ್ವಲ್ಪ ಬೇಕಾಗಿತ್ತು’ ಎನ್ನುತ್ತೇವೆ.

ಆ ‘ಬೇಕಾಗಿತ್ತು’ ಎಂಬ ಪದವನ್ನು ಗಮನಿಸಿ. ಬೇಕಾಗಿರುವುದು ಈಗ, ಆದರೂ ಹೇಳುವುದು ಭೂತಕಾಲದಲ್ಲಿ. ನನ್ನ ಬಯಕೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ನಿಲ್ಲಿಸಿದ್ದೇನೆ, ನೀವು ಇಲ್ಲವೆಂದರೂ ನನ್ನ ಮುಖಕ್ಕೆ ಹೊಡೆದಂತಾಗದು ಎಂಬ ಭಾವ ಅದರಲ್ಲಿದೆ. ವ್ಯಾಕರಣದ ಪುಸ್ತಕಗಳು ಇದನ್ನು ಸೌಜನ್ಯದ ಅಧ್ಯಾಯದಲ್ಲಿ ಹೇಳುವುದಿಲ್ಲ, ಅಂಥ ಅಧ್ಯಾಯವೇ ಅವುಗಳಲ್ಲಿ ಇಲ್ಲ. ಆದರೆ ಅಕ್ಷರ ಬಾರದ ಮುದುಕಿಗೂ ಈ ಪ್ರಯೋಗ ಸಲೀಸು.

ಕನ್ನಡದ ಇನ್ನೊಂದು ಸೌಲಭ್ಯ ಕರ್ತೃವನ್ನು ಮರೆಯಲ್ಲಿಡುವುದು. ‘ನೀವು ಹಣ ಕೊಟ್ಟಿಲ್ಲ’ ಎಂದರೆ ಆರೋಪ. ‘ಹಣ ಬಂದಿಲ್ಲ’ ಎಂದರೆ ಸಂಗತಿ. ‘ಬರುವುದಿದೆ’ ಎಂದರೆ ಭರವಸೆಯೂ ಸೇರಿತು. ನಮ್ಮ ಅಂಗಡಿಯ ಹಳಬರು ‘ಅವರಿಂದ ಇಷ್ಟು ಬರಬೇಕು’ ಎನ್ನುತ್ತಾರೆಯೇ ಹೊರತು ‘ಅವರು ಕೊಡಬೇಕು’ ಎನ್ನುವುದು ಸಿಟ್ಟು ಬಂದಾಗ ಮಾತ್ರ. ‘ವಸೂಲು’ ಎಂಬ ಗಡಸು ಶಬ್ದದ ಮೂಲಾರ್ಥವೂ ಅರಬ್ಬಿಯಲ್ಲಿ ಬಂದು ತಲುಪುವುದು ಎಂದೇ. ಹಣ ಬರಬೇಕು, ಕಿತ್ತುಕೊಳ್ಳುವ ಮಾತು ಅಲ್ಲಿರಲಿಲ್ಲ.

‘ತಾವು’ ಎಂಬ ಸರ್ವನಾಮದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ದಿನವೂ ‘ನೀವು’ ಎಂದು ಮಾತನಾಡಿಸುತ್ತಿದ್ದವರನ್ನು ಬಾಕಿ ಕೇಳುವಾಗ ಒಮ್ಮೆಲೇ ‘ತಾವು’ ಎಂದರೆ ಅದು ಗೌರವವಾಗದೆ ವ್ಯಂಗ್ಯವಾಗುತ್ತದೆ. ಎತ್ತರದಲ್ಲಿ ಕೂಡಿಸಿ ಕೆಳಕ್ಕೆ ತಳ್ಳುವ ವಿದ್ಯೆ ಅದು.

ಕಡೆಗೆ ನಾವಿಬ್ಬರೂ ಕೂಡಿ ಬರೆದ ಒಕ್ಕಣೆಯನ್ನು ಓದುತ್ತೇನೆ: ‘ನಮಸ್ಕಾರ. ಮದುವೆಯ ಓಡಾಟವೆಲ್ಲ ಮುಗಿದು ಮನೆಯವರೆಲ್ಲ ಸುಧಾರಿಸಿಕೊಂಡಿದ್ದೀರಿ ತಾನೆ? ಕರೆಯೋಲೆಯ ಲೆಕ್ಕದಲ್ಲಿ ೨,೪೦೦ ರೂಪಾಯಿ ಬರುವುದಿದೆ. ಬರುವ ಶನಿವಾರ ಕಾಗದದ ಅಂಗಡಿಗೆ ನಾನು ಹಣ ಕಟ್ಟಬೇಕು. ಅಷ್ಟರೊಳಗೆ ಒದಗಿದರೆ ನನಗೆ ಅನುಕೂಲ. ಆಗದಿದ್ದರೆ ಯಾವ ದಿನವೆಂದು ತಿಳಿಸಿದರೂ ಸಾಕು. ಈಗಾಗಲೇ ಕಳುಹಿಸಿದ್ದರೆ ಈ ಮಾತನ್ನು ಮರೆತುಬಿಡಿ.’ ಮೊತ್ತವನ್ನು ಮುಚ್ಚಿಟ್ಟಿಲ್ಲ, ದಿನವನ್ನೂ ಹೇಳಿದೆ. ಸಂಕೋಚದಿಂದ ‘ಆ ವಿಚಾರ ಸ್ವಲ್ಪ ನೋಡಿ’ ಎಂದು ಬರೆಯುವವರುಂಟು. ಯಾವ ವಿಚಾರವೆಂದು ಓದುವವರು ತಲೆ ಕೆರೆದುಕೊಳ್ಳಬೇಕು, ಅಸ್ಪಷ್ಟತೆ ಸೌಜನ್ಯವಲ್ಲ. ‘ಯಾವ ದಿನವೆಂದು ತಿಳಿಸಿದರೂ ಸಾಕು’ ಎಂಬ ವಾಕ್ಯಕ್ಕೆ ನಾನು ಹಟ ಹಿಡಿದೆ. ಕೈಯಲ್ಲಿ ಹಣವಿಲ್ಲದವರು ಉತ್ತರ ಕೊಡದೆ ಇರುವುದು ದುರುದ್ದೇಶದಿಂದಲ್ಲ, ನಾಚಿಕೆಯಿಂದ. ಸಾಲ ಕೊಟ್ಟವನ ಕಣ್ಣು ತಪ್ಪಿಸಿ ಸಂದಿಯ ದಾರಿ ಹಿಡಿಯುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಅವರಿಗೆ ಮರಳಿ ಬರಲು ಒಂದು ಬಾಗಿಲು ತೆರೆದಿರಬೇಕು.

ಹೊತ್ತು ಗೊತ್ತಿನ ವಿಚಾರವೂ ಸಣ್ಣದಲ್ಲ. ಮಂಗಳವಾರ, ಶುಕ್ರವಾರ ಮನೆಯಿಂದ ಹಣ ಹೊರಗೆ ಕೊಡದವರು, ದೀಪ ಹಚ್ಚಿದ ಮೇಲೆ ಕಾಸು ಕೈಬಿಡದವರು ಇನ್ನೂ ಇದ್ದಾರೆ. ಆ ನಂಬಿಕೆ ಸರಿಯೆ ತಪ್ಪೆ ಎಂಬ ಚರ್ಚೆ ಬೇರೆ. ಕೇಳುವವನು ಅದನ್ನು ತಿಳಿದಿರಬೇಕು. ಇತ್ತೀಚೆಗೆ ಈ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ರೂಢಿ ಬಂದಿದೆ. ಮೂರನೆಯ ದಿನ ಒಂದು, ಏಳನೆಯ ದಿನ ಒಂದು, ತಾನೇ ತಾನಾಗಿ ಹೊರಟುಬಿಡುತ್ತದೆ. ಲೆಕ್ಕ ತಪ್ಪದು, ನಿಜ. ಆದರೆ ಆ ಮನೆಯಲ್ಲಿ ನಿನ್ನೆ ಸಾವಾಗಿದೆ ಎಂಬುದು ಅದಕ್ಕೆ ತಿಳಿಯದು. ಸೂತಕದ ಮನೆಗೆ ಹೋಗಿ ಬಾಕಿ ಕೇಳಿದ ಅಪಕೀರ್ತಿ ಯಂತ್ರಕ್ಕೆ ತಟ್ಟುವುದಿಲ್ಲ, ಅಂಗಡಿಯ ಹೆಸರಿಗೆ ತಟ್ಟುತ್ತದೆ.

ಹೊಲಿದಿಟ್ಟ ಬಟ್ಟೆಯನ್ನು ಒಯ್ಯದವರಿಗೆ, ದರ ಕೇಳಿ ಸುಮ್ಮನಾದವರಿಗೆ ಬರೆಯುವುದು ಇಷ್ಟು ಕಷ್ಟದ್ದಲ್ಲ. ‘ನಿಮ್ಮ ರವಿಕೆ ಸಿದ್ಧವಾಗಿದೆ, ರಾತ್ರಿ ಎಂಟರವರೆಗೆ ಅಂಗಡಿ ತೆರೆದಿರುತ್ತದೆ’ ಎಂದರೆ ಮುಗಿಯಿತು. ದರ ಕೇಳಿದವರಿಗೆ ಒಮ್ಮೆ ನೆನಪಿಸಬಹುದು, ಎರಡನೆಯ ಸಲ ಬೇಡ. ಬೇಡವೆಂದು ಬಾಯಿಬಿಟ್ಟು ಹೇಳುವುದು ನಮ್ಮ ಜನಕ್ಕೆ ಒಗ್ಗದ ಕೆಲಸ; ಅವರ ಮೌನವೇ ಉತ್ತರ.

ಹಾಗಾದರೆ ಎಷ್ಟು ಕಾಲ ನಯವಾಗಿಯೇ ಬರೆಯುತ್ತಿರಬೇಕು? ಕೊನೆಯಿಲ್ಲದೆ ಅಲ್ಲ. ೧೯೬೩ರ ಕಾಲಮಿತಿ ಕಾಯಿದೆಯ ಪ್ರಕಾರ, ಮಾರಿದ ಸರಕಿನ ಬೆಲೆಗಾಗಲಿ ಮಾಡಿದ ಕೆಲಸದ ಕೂಲಿಗಾಗಲಿ ದಾವೆ ಹೂಡಲು ಸಾಮಾನ್ಯವಾಗಿ ಇರುವುದು ೩ ವರ್ಷ. ನಾವು ನೂರು ಕಾಗದ ಬರೆದರೂ ಆ ಅವಧಿ ಒಂದು ದಿನವೂ ಬೆಳೆಯುವುದಿಲ್ಲ. ಆದರೆ ಅವಧಿ ಮುಗಿಯುವ ಮುನ್ನ ಬಾಕಿದಾರರು ‘ಹೌದು, ಇಷ್ಟು ಕೊಡಬೇಕಾಗಿದೆ’ ಎಂದು ಬರೆದು ರುಜು ಹಾಕಿಕೊಟ್ಟರೆ ಅಂದಿನಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. ಗದರಿಸಿದವನಿಗೆ ಅಂಥ ಬರಹ ಯಾರು ಕೊಟ್ಟಾರು? ನಯದ ಕಾಗದಕ್ಕೆ ಬರುವ ಮರುಕಾಗದದ ಬೆಲೆ ಇಲ್ಲಿ ತಿಳಿಯುತ್ತದೆ. ಇನ್ನು ಬಾಕಿದಾರರು ದೊಡ್ಡ ಸಂಸ್ಥೆಯವರಾಗಿದ್ದರೆ ಮಾತೇ ಬೇರೆ. ೨೦೦೬ರ ಸಣ್ಣ ಉದ್ದಿಮೆಗಳ ಕಾಯಿದೆಯಂತೆ, ನೋಂದಾಯಿಸಿಕೊಂಡ ಸಣ್ಣ ಉದ್ದಿಮೆಯಿಂದ ಸರಕು ಪಡೆದವರು ಒಪ್ಪಂದ ಏನೇ ಇರಲಿ ೪೫ ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಂಥವರಿಗೆ ಮದುವೆಯ ಓಡಾಟ ವಿಚಾರಿಸಬೇಕಾದ್ದಿಲ್ಲ. ಬಿಲ್ಲಿನ ಸಂಖ್ಯೆ, ತಾರೀಖು, ಕಾಯಿದೆಯ ಹೆಸರು, ಇಷ್ಟು ಸಾಕು.

ನನ್ನ ಮಿತ್ರರು ಈಗ ಪ್ರತಿ ಶನಿವಾರ ಬೆಳಿಗ್ಗೆ ಯಂತ್ರ ಚಾಲೂ ಮಾಡುವ ಮುನ್ನ ಒಂದರ್ಧ ಗಂಟೆ ಕುಳಿತು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುತ್ತಾರೆ. ಎಲ್ಲ ಬಾಕಿಯೂ ಬಂದಿಲ್ಲ. ಆದರೆ ಹಣ ಕೊಡಲಾಗದವರೂ ಈಗ ಬೀದಿಯಲ್ಲಿ ಎದುರಾದರೆ ನಿಂತು ಮಾತನಾಡಿಸುತ್ತಾರಂತೆ.