ಬೆಟ್ಟದ ಬೆಲೆ



ರಾಷ್ಟ್ರೀಯ ಉದ್ಯಾನವೆಂದೊಡನೆ ನಮಗೆ ಕಾಡು, ಪ್ರಾಣಿಗಳು ನೆನಪಾಗುತ್ತವೆ. ಆದರೆ ಅಮೆರಿಕದ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಉದ್ಯಾನಕ್ಕೆ ಮೊದಲು ಹೊಲ, ಗಿರಣಿ, ಚರ್ಚು, ಸ್ಮಶಾನಗಳಿದ್ದವು.

1926ರಲ್ಲಿ ಅಲ್ಲಿನ ಸಂಸತ್ತು ಈ ಉದ್ಯಾನಕ್ಕೆ ಒಪ್ಪಿಗೆ ನೀಡಿತು. ನೆಲವೆಲ್ಲ ಖಾಸಗಿಯವರದು, ಟೆನೆಸ್ಸಿ ಮತ್ತು ಉತ್ತರ ಕೆರೊಲಿನಾ ರಾಜ್ಯಗಳು ಅದನ್ನು ಕೊಳ್ಳಬೇಕಾಯಿತು. ಶಾಲಾಮಕ್ಕಳು ಚಿಲ್ಲರೆ ಕಾಸು ಕೂಡಿಸಿದರು. 1928ರಲ್ಲಿ ರಾಕ್‌ಫೆಲರ್ ಕುಟುಂಬದ ನಿಧಿಯಿಂದ 50 ಲಕ್ಷ ಡಾಲರ್ ಬಂತು. ಹೆಚ್ಚಿನ ಭೂಮಿ ಮರದ ಕಂಪೆನಿಗಳದು. ಅವು ಬೆಟ್ಟಗಳನ್ನು ಬೋಳಿಸುತ್ತಿದ್ದವು. ಉಳಿದದ್ದು ಸಣ್ಣ ರೈತರ ಹಿಡುವಳಿ.

ಮಾರಲು ಒಪ್ಪದವರ ಜಮೀನನ್ನು ಕಾನೂನಿನ ಬಲದಿಂದ ಸ್ವಾಧೀನಪಡಿಸಿಕೊಳ್ಳಲಾಯಿತು. ಕೇಡ್ಸ್ ಕೋವ್ ಕಣಿವೆಯ ಜಾನ್ ಆಲಿವರ್ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿ ಸೋತರು. ಕಡಿಮೆ ಬೆಲೆಗೆ ಒಪ್ಪಿದ ಕೆಲವರಿಗೆ ಬದುಕಿರುವವರೆಗೆ ಅಲ್ಲಿಯೇ ಇರುವ ಅವಕಾಶ ದೊರೆಯಿತು. ವಾಕರ್ ಸಹೋದರಿಯರು ಹಾಗೆ ಉಳಿದರು. ಆ ಮನೆಯ ಕೊನೆಯ ನಿವಾಸಿ ಲೂಯಿಸಾ 1964ರಲ್ಲಿ ತೀರಿಕೊಂಡರು. ಸ್ವಂತ ಭೂಮಿಯಿಲ್ಲದ ಗೇಣಿದಾರರಿಗೆ ಮಾತ್ರ ಪರಿಹಾರವೇ ಸಿಗಲಿಲ್ಲ.

1934ರಲ್ಲಿ ಉದ್ಯಾನ ಅಸ್ತಿತ್ವಕ್ಕೆ ಬಂತು. ಬೋಳಾಗಿದ್ದ ಬೆಟ್ಟಗಳಲ್ಲಿ ಮತ್ತೆ ಕಾಡು ಬೆಳೆಯಿತು. ಈ ಲಾಭ ಎಲ್ಲರದು; ನಷ್ಟ ಕೆಲವರದು. ಬೆಲೆ ಕಟ್ಟುವಾಗ ಪತ್ರದಲ್ಲಿ ಹೆಸರಿದ್ದವರನ್ನಷ್ಟೇ ಲೆಕ್ಕ ಹಿಡಿದರೆ ಸಾಕೇ? ಯೋಚಿಸಿ.