ಕಟ್ಟಡದ ಕೂಲಿಯೂ ನಡುವಣ ಕೈಯೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಥ ಸಮಾರಂಭಗಳಲ್ಲಿ ನಾಡುನುಡಿಯನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಬಲ್ಲವರು ಬೆಳಗಿನಿಂದ ಚೆನ್ನಾಗಿ ನೆರವೇರಿಸಿದ್ದಾರೆ. ನಾವು ಎತ್ತಿಕೊಂಡಿರುವುದು ಹೊಟ್ಟೆಪಾಡಿನ ವಿಷಯ. ಮಡಕಶಿರಾ, ರಾಯದುರ್ಗ ಸೀಮೆಗಳಲ್ಲಿ ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಕೆಟ್ಟಿತೆಂದರೆ, ಎಷ್ಟೋ ಮನೆಗಳವರು ಕಟ್ಟಡದ ಕೆಲಸ ಹುಡುಕಿಕೊಂಡು ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಮೇಸ್ತ್ರಿಯ ಗುಂಪಿನಲ್ಲಿ ಸೇರಿ ಹೋಗುವುದು ಒಂದು ಬಗೆ. ತಾವಾಗಿಯೇ ಹೋಗಿ, ಮುಂಜಾನೆ ಕೂಲಿಯವರು ನೆರೆಯುವ ವೃತ್ತದಲ್ಲಿ ನಿಂತು, ಕಟ್ಟಿಸುವವರೊಡನೆ ನೇರವಾಗಿ ಕೂಲಿ ಮಾತನಾಡಿಕೊಳ್ಳುವುದು ಇನ್ನೊಂದು ಬಗೆ. ಇವೆರಡರಲ್ಲಿ ಯಾವುದು ಮೇಲು?

ಮೇಸ್ತ್ರಿಯನ್ನು ನಿಂದಿಸುವುದು ಸುಲಭ. ಆದರೆ ತಾರಸಿ ಹಾಕುವ ದಿನವನ್ನು ನೆನೆಯಿರಿ. ಕಾಂಕ್ರೀಟನ್ನು ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸೋಣವೆಂದರೆ ಕೂಡುಗೆಯಲ್ಲಿ ಬಿರುಕು ಬಿಡುತ್ತದೆ, ನೀರು ಸೋರುತ್ತದೆ. ಕಲಸುವವರು, ಹೊರುವವರು, ಹರಡಿ ದಮ್ಮಸು ಮಾಡುವವರು, ಎಲ್ಲರೂ ಒಂದೇ ದಿನ ಒಟ್ಟಿಗೆ ಬೇಕು. ಅಷ್ಟು ಆಳುಗಳನ್ನು ಹೊತ್ತಾರೆ ಕೂಡಿಸುವುದು ಮನೆಯೊಡೆಯನಿಂದಾಗದ ಮಾತು. ಅಲ್ಲದೆ, ಪರಸ್ಥಳದಲ್ಲಿ ಜ್ವರ ಬಂದು ಮಲಗಿದವನಿಗೆ ಗಂಜಿ ಕಾಯಿಸಿ ಕೊಡಿಸುವವನೂ, ಊರಿಗೆ ಬಸ್ಸಿನ ಚಾರ್ಜು ಕೊಡುವವನೂ ಅನೇಕ ವೇಳೆ ಮೇಸ್ತ್ರಿಯೇ. ನಡುವಣ ಕೈ ಹುಟ್ಟಿಕೊಂಡದ್ದು ಕೇವಲ ದುರಾಸೆಯಿಂದಲ್ಲ. ಕೆಲಸದ ಸ್ವಭಾವವೇ ಅದನ್ನು ಬೇಡಿತು.

ಆದರೆ ಆ ಕೈಯೊಳಗೆ ಎಷ್ಟು ಉಳಿಯುತ್ತದೆಂಬುದೇ ಪ್ರಶ್ನೆ. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಂಗಣಗಳೂ ಮೇಲ್ಸೇತುವೆಗಳೂ ಭರದಿಂದ ಏಳುತ್ತಿದ್ದಾಗ, ಅಲ್ಲಿಯ ಕೂಲಿಕಾರರ ಕಷ್ಟವನ್ನು ವಿವರಿಸಿದ ಒಂದು ಕಾಗದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಕೈಸೇರಿತು. ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಅದನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರರು ತಲೆಗೆ ಒಂದು ರೂಪಾಯಿ ದಲ್ಲಾಳಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಬಟವಾಡೆ ಮಾಡುತ್ತಿದ್ದರು. ನ್ಯಾಯಾಲಯವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರ್ಪಿತ್ತು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸಾರಿತು. ಕೆಲಸ ಗುತ್ತಿಗೆದಾರನದೆಂದು ಹೇಳಿ ಕಟ್ಟಿಸುವ ಸಂಸ್ಥೆಗಳು ಹೊಣೆಯಿಂದ ಜಾರಿಕೊಳ್ಳುವಂತಿಲ್ಲವೆಂದೂ ಹೇಳಿತು. ಒಂದು ರೂಪಾಯಿಯ ಮಾತು ಇಷ್ಟು ದೂರ ಹೋಯಿತು!

ಹಾಗಾದರೆ ನೇರವಾಗಿ ಕೆಲಸಕ್ಕೆ ನಿಲ್ಲುವುದೇ ಲೇಸೆನ್ನೋಣವೇ? ಕೂಲಿಯೇನೋ ಪೂರ್ತಿ ಕೈಗೆ ಬರುತ್ತದೆ. ಇಲ್ಲಿ ಗಡಿಯವರಾದ ನಮಗೆ ಮಾತ್ರ ತಗಲುವ ಒಂದು ತೊಡಕಿದೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, ನಮ್ಮ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದುವಷ್ಟೆ. ಅಂದಿನಿಂದ ರತ್ನಗಿರಿಯವನು ಶಿರಾಕ್ಕೆ ಹೋಗಿ ಕನ್ನಡದಲ್ಲೇ ಮಾತನಾಡಿ ಕನ್ನಡಿಗರ ಮನೆ ಕಟ್ಟಿದರೂ, ಕಾಯಿದೆಯ ಕಣ್ಣಿಗೆ ಅವನು ಹೊರರಾಜ್ಯದ ಆಳು. ಅಂಥವರ ರಕ್ಷಣೆಗೆಂದು 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಬಂದಿತು. ಹೋಗಿಬರುವ ಪ್ರಯಾಣದ ವೆಚ್ಚ, ಊರು ಬಿಟ್ಟುದಕ್ಕೆ ಪ್ರತ್ಯೇಕ ಭತ್ಯೆ, ವಸತಿ, ಎಲ್ಲವನ್ನೂ ಅದು ವಿಧಿಸಿತು. ಆದರೆ ಗುತ್ತಿಗೆದಾರನ ಮೂಲಕ ಹೋದವರಿಗೆ ಮಾತ್ರ! ತಾನಾಗಿ ಬಸ್ಸು ಹತ್ತಿ ಹೋದವನು ಅದರ ಲೆಕ್ಕಕ್ಕೇ ಇರಲಿಲ್ಲ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆ ತಾನಾಗಿ ಹೋದವನನ್ನೂ ವಲಸೆ ಕಾರ್ಮಿಕನೆಂದು ಒಪ್ಪಿಕೊಂಡಿತು. ಅದೇ ಸಂಹಿತೆ ಗುತ್ತಿಗೆ ಕಾರ್ಮಿಕರ ನಿಯಮಗಳಿಗೆ 1970ರ ಕಾಯಿದೆಯಲ್ಲಿದ್ದ 20 ಆಳುಗಳ ಮಿತಿಯನ್ನು 50ಕ್ಕೆ ಏರಿಸಿತು. ಹತ್ತು ಹನ್ನೆರಡು ಜನರ ನಮ್ಮ ಮೇಸ್ತ್ರಿಗಳ ಗುಂಪು ಎರಡರಲ್ಲಿ ಯಾವುದಕ್ಕೂ ಸಿಕ್ಕುವುದಿಲ್ಲ.

1996ರ ಕಾಯಿದೆಯಂತೆ ಏರ್ಪಟ್ಟ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಲಿಯ ಸೌಲಭ್ಯದಲ್ಲೂ ಇಂಥದೇ ಕಷ್ಟ. ಹಿಂದಿನ 12 ತಿಂಗಳುಗಳಲ್ಲಿ 90 ದಿನ ದುಡಿದುದನ್ನು ತೋರಿಸಬೇಕು. ಇಂದು ಒಬ್ಬರ ಪಾಯ, ನಾಳೆ ಇನ್ನೊಬ್ಬರ ಗೋಡೆ ಎಂದು ದುಡಿದ ಹೆಂಗಸಿಗೆ ಆ 90 ದಿನಗಳನ್ನು ಬರೆದುಕೊಡುವವರು ಯಾರು?

ನಡುವಣ ಕೈಯಿಲ್ಲದೆ ಕೆಲಸ ಸಾಗದೆಂಬ ಮಾತಿಗೆ ಉತ್ತರ ಅಂದು ನಮ್ಮದಾಗಿದ್ದ ಅನಂತಪುರ ಜಿಲ್ಲೆಯಲ್ಲೇ ದೊರಕಿತು. 2006ರ ಫೆಬ್ರವರಿ 2ರಂದು ಪ್ರಧಾನಿ ಮನಮೋಹನ ಸಿಂಗರು ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯನ್ನು ಆರಂಭಿಸಿದ್ದು ಬಂಡ್ಲಪಲ್ಲಿ ಎಂಬ ಗ್ರಾಮದಲ್ಲಿ. ಆ ಯೋಜನೆಯಲ್ಲಿ ಗುತ್ತಿಗೆದಾರರಿಗೆ ಪ್ರವೇಶವೇ ಇರಲಿಲ್ಲ. ಹಾಜರಿ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರು ಬರೆಯಬೇಕಾಗಿತ್ತು, ಅದನ್ನು ಊರವರು ನೋಡಬಹುದಾಗಿತ್ತು. ಅಲ್ಲಿಯೂ ಕೂಲಿ ತಡವಾದುದುಂಟು, ಸುಳ್ಳು ಹೆಸರು ಸೇರಿದ್ದುಂಟು. ಸುಳ್ಳನ್ನು ಹಿಡಿಯಲು ಸಾಧ್ಯವಾದದ್ದು ಹೆಸರು ಬರೆದಿದ್ದುದರಿಂದಲೇ.

ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಊರಲ್ಲಿ ಮನೆ ಕಟ್ಟಿಸುವವರು ಗೋಡೆ, ಗಾರೆ ಕೆಲಸಗಳಿಗೆ ಆಳುಗಳನ್ನು ನೇರವಾಗಿ ಕರೆದು, ಕೂಲಿಯನ್ನು ಅವರವರ ಕೈಗೇ ಕೊಡಲಿ. ತಾರಸಿಯ ದಿನ ಮೇಸ್ತ್ರಿ ಬೇಕಾದರೆ ಬರಲಿ, ಅವನ ಶ್ರಮಕ್ಕೆ ತಕ್ಕುದನ್ನು ಬೇರೆಯಾಗಿ ಕೊಡಲಿ. ಕೈಯಾಳಿನ ಕೂಲಿಯಿಂದ ಮುರಿಯುವುದು ಬೇಡ. ಬೆಂಗಳೂರಿಗೆ ಹೋಗುವವರು ಊರ ಮೇಸ್ತ್ರಿಯೊಡನೆ ಹೋಗುವುದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಎಷ್ಟು ಮುಂಗಡ ಪಡೆದೆವು, ಎಷ್ಟು ದಿನಕ್ಕೆ ಅದು ತೀರಿತು ಎಂಬ ಬರಹವಿಲ್ಲದೆ ಹೊರಡಬಾರದು. ಬರಹವಿಲ್ಲದ ಮುಂಗಡ ತೀರುವುದೇ ಇಲ್ಲ.

1979ರ ಆ ಕಾಯಿದೆಯಲ್ಲಿ ಗುತ್ತಿಗೆದಾರನು ಪ್ರತಿ ಆಳಿಗೂ ಭಾವಚಿತ್ರವಿರುವ ಪಾಸ್ ಪುಸ್ತಕ ಕೊಡತಕ್ಕದ್ದೆಂದೂ, ಹಿಂದಿ ಇಂಗ್ಲಿಷುಗಳಲ್ಲದೆ ಆಳಿನ ಸ್ವಂತ ಭಾಷೆಯಲ್ಲೂ ಅದು ಇರತಕ್ಕದ್ದೆಂದೂ ಇತ್ತು. ಆಂಧ್ರದಿಂದ ಹೋದರೂ ನಮ್ಮವರ ಭಾಷೆ ಕನ್ನಡವೇ. ಸಂಘವು ಅಂಥದೊಂದು ಸಣ್ಣ ಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಬಹುದು: ಹೆಸರು, ಕಟ್ಟಿಸುವವರ ಹೆಸರು, ಸ್ಥಳ, ತಾರೀಖು, ಕೂಲಿ, ಮುಂಗಡ, ಬಟವಾಡೆ, ಕೊಟ್ಟವರ ರುಜು. ಅಪ್ಪ ಅಮ್ಮನಿಗೆ ಅಕ್ಷರ ಬಾರದಿದ್ದರೆ ಶಾಲೆಗೆ ಹೋಗುವ ಮಗಳು ವಾರಕ್ಕೊಮ್ಮೆ ದೂರವಾಣಿಯಲ್ಲಿ ಕೇಳಿ ಊರಿನಲ್ಲೇ ಇನ್ನೊಂದು ಪ್ರತಿ ಬರೆದಿಡಲಿ. ಕಾರ್ಯಕಾರಿ ಸಮಿತಿಯವರು ಮುಂದಿನ ಸಭೆಯಲ್ಲಿಯೇ ಈ ವಿಷಯವನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ.