ನಡಾ ಹಿಡದೈತಿ, ಯೋಗಾ ಮಾಡ್ಲ್ಯಾ?

ಸಾಲೋಟಗಿ ಕಡೆ ನಿಂಬಿ ತ್ವಾಟಕ್ಕ ಹೋಗೂ ಅವ್ವಾರಿಗೆ ‘ನಡಾ ನೋವಿಗೆ ಯೋಗಾ ಮಾಡ್ರಿ’ ಅಂದ್ರ ಮೊದ್ಲ ನಗ್ತಾರ. ‘ಏ ತಮ್ಮಾ, ಮುಂಜಾನಿಂದ ಸಂಜಿತನಾ ಬಗ್ಗೇ ಇರ್ತೀವಿ, ಇನ್ನೆಂಥಾ ಯೋಗಾ?’

ಮಾತು ಖರೇನ ಐತಿ. ಆದ್ರ ಸದಿ ತಗಿಯೂದು, ಬಿದ್ದ ಕಾಯಿ ಆರಿಸೂದು, ಕಸಾ ಹೊಡಿಯೂದು, ರೊಟ್ಟಿ ಬಡಿಯೂದು, ಇವೆಲ್ಲಾ ಮುಂದಕ್ಕ ಬಗ್ಗೂ ಕೆಲಸಾನ ನೋಡ್ರಿ. ಬೆನ್ನು ಒಮ್ಮೆರೆ ಹಿಂದಕ್ಕ ಬರೂದು, ಉಸಿರು ಆರಾಮಾಗಿ ಹೊರಗ ಹೋಗೂದು, ಅದಕ್ಕ ದಿನದಾಗ ಜಾಗಾನ ಇಲ್ಲ.

ಮೂರು ತಿಂಗಳು ದಾಟಿದ ನೋವಿಗೆ ಡಾಕ್ಟರು ದೀರ್ಘಕಾಲದ ನೋವು ಅಂತಾರ. ಇದು ನಿನ್ನಿ ಬಿದ್ದು ಪೆಟ್ಟಾದ ನೋವಿನಂಗಲ್ಲ. ಪೆಟ್ಟು ಮಾದಿರಬಹುದು, ಆದ್ರ ನರಗಳು ಸಣ್ಣ ಅಲುಗಾಟಕ್ಕೂ ಗಾಬರಿಯಾಗೂದು ಬಿಟ್ಟಿರೂದಿಲ್ಲ. ನಾವು ಹೆದರಿ ಮೈ ಬಿಗಿಹಿಡಿತೀವಿ, ಅಲುಗಾಡೂದು ಕಡಿಮಿ ಮಾಡ್ತೀವಿ, ಸ್ನಾಯು ಸೋಲ್ತಾವ, ನೋವು ಮತ್ತ ಏರ್ತೈತಿ. ಸಾವಕಾಶ ಮಾಡೂ ಯೋಗದ ಕೆಲಸ ಈ ಗಾಬರಿ ಇಳಿಸೂದು. ಟಿವ್ಯಾಗ ಮೈ ಗಂಟು ಹಾಕ್ಕೊಂಡು ತೋರಸ್ತಾರಲ್ಲ, ಅದನ್ನ ನೋಡಿ ಚಪ್ಪಾಳಿ ಹೊಡೀರಿ, ಮಾಡಾಕ ಹೋಗಬ್ಯಾಡ್ರಿ.

ನೋವಿದ್ದವರ ಯೋಗ ಹೆಂಗಿರಬೇಕು ಅಂತ ಜಗತ್ತಿಗೆ ತೋರಿಸಿದವರು ನಮ್ಮವರೇ. ಬಿ.ಕೆ.ಎಸ್. ಅಯ್ಯಂಗಾರ್, 1918ರಾಗ ಕೋಲಾರ ಜಿಲ್ಲೆ ಬೆಳ್ಳೂರಾಗ ಹುಟ್ಟಿದವರು. ಸಣ್ಣಂದಿನಾಗ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಕಂಡ ಮೈ. ಮೈಸೂರಾಗ ಕೃಷ್ಣಮಾಚಾರ್ಯರ ಹತ್ರ ಕಲಿತು, ಪುಣೆಗೆ ಹೋಗಿ ಹಗ್ಗ, ಪಟ್ಟಿ, ಕಟ್ಟಿಗಿ ತುಂಡು, ಕುರ್ಚಿ, ದಿಂಬು ಹಚ್ಚಿ ಆಸನ ಕಲಿಸಿದ್ರು. ಅದಕ್ಕ ರೊಕ್ಕ ಹಾಕಬೇಕಾಗಿಲ್ಲ, ನಿಮ್ಮ ಮನ್ಯಾಗ ಕೌದಿ ಐತಿ, ಗ್ವಾಡಿ ಐತಿ, ಸಾಕು.

ಈಗ ಕೌದಿ ಸುರುಳಿ ಸುತ್ರಿ. ಅಂಗಾತ ಮಲಗಿ ಮಣಕಾಲ ಕೆಳಗ ಇಡ್ರಿ. ಉಸಿರು ಬಿಡೂವಾಗ ನಡದ ಹಿಂಭಾಗ ನೆಲಕ್ಕ ಹಗೂರ ಒತ್ತಿ, ತಗೊಳ್ಳೂವಾಗ ಸಡಿಲ ಬಿಡ್ರಿ. ಅಲುಗಿದ್ದು ಬಾಜೂಕ ಕುಂತವ್ರಿಗೆ ಕಾಣಬಾರ್ದು, ಅಷ್ಟ ಸಣ್ಣದು. ಹತ್ತು ಸಲ ಸಾಕು. ಆಮ್ಯಾಲ ಬೋರಲಾಗಿ, ಮೊಣಕೈ ಊರಿ, ಎದಿ ನಾಕು ಬೆರಳು ಮ್ಯಾಲೆತ್ರಿ. ಇದು ಭುಜಂಗಾಸನದ ತಮ್ಮ. ಮೂರು ಸಲ ಉಸಿರಾಡೂತನಕ ಹಂಗ ಇದ್ದು, ಇಳೀರಿ. ಕಾಲಿಗೆ ಜುಮ್ಮು ಇಳೀತಂದ್ರ ಅಲ್ಲೇ ಬಿಡ್ರಿ. ಎಲ್ಲಾರ ನಡಕ್ಕೂ ಹಿಂದಕ್ಕ ಬಗ್ಗೂದು ಕೂಡೂದಿಲ್ಲ.

ಇದಕ್ಕ ಪುರಾವೆ? ಬೆಂಗಳೂರು ಹತ್ರ ಜಿಗಣಿಯ ಪ್ರಶಾಂತಿ ಕುಟೀರದಾಗ ಹಳೇ ನಡಾ ನೋವಿನ 80 ಮಂದಿನ್ನ 7 ದಿನ ಅಲ್ಲೇ ಇಟ್ಕೊಂಡು ನೋಡಿದ್ರು. ಅರ್ಧ ಮಂದಿಗೆ ಯೋಗ, ಅರ್ಧ ಮಂದಿಗೆ ವ್ಯಾಯಾಮ. ಯೋಗದವರಿಗೆ ಹೆಚ್ಚು ಆರಾಮ ಅಂತ 2008ರಾಗ ಬರೆದ್ರು. ಆದ್ರ ಹೊಲಾ ಮನಿ ಬಿಟ್ಟು ಒಂದು ವಾರ ಅಲ್ಲಿ ಇದ್ರ ಯಾರಿಗಾದ್ರೂ ಅರ್ಧ ನೋವು ಇಳೀತೈತಿ ಅಂತ ನನಗ ಅನಸ್ತೈತಿ! ಮುಂದ 2017ರಾಗ ಬ್ಯಾರೆಬ್ಯಾರೆ ಅಧ್ಯಯನ ಒಟ್ಟುಗೂಡಿಸಿದ ಕಾಕ್ರೇನ್ ವರದಿ ಜರಾ ಬಿಗಿಯಾಗಿ ಹೇಳ್ತು: ಏನೂ ಮಾಡದವರಿಗಿಂತ ಯೋಗ ಮಾಡಿದವರಿಗೆ ಸ್ವಲ್ಪ ಸುಧಾರಣಿ ಆಗ್ತೈತಿ, ಬ್ಯಾರೆ ವ್ಯಾಯಾಮಕ್ಕಿಂತ ಭಾಳ ಮುಂದೇನಿಲ್ಲ, ಕೆಲವರಿಗೆ ನೋವು ಹೆಚ್ಚಾಗಿದ್ದೂ ಐತಿ. ಅದ ವರ್ಷ ಅಮೆರಿಕದ ವೈದ್ಯರ ಸಂಘಟನೆ ಒಂದು ಹಳೇ ನಡಾ ನೋವಿಗೆ ಗುಳಿಗಿಗಿಂತ ಮೊದ್ಲ ಔಷಧ ಇಲ್ಲದ ಉಪಾಯ ಮಾಡಿ ನೋಡ್ರಿ ಅಂತು, ಅದರಾಗ ಯೋಗಾನೂ ಇತ್ತು.

ಆಸನ ಮಾಡಿದ ಮರುದಿನ ನೋವು ಏರಿದ್ರ ಮಾಡೂದನ್ನ ಅರ್ಧಕ್ಕ ಇಳಿಸ್ರಿ. ಕಾಲು ಸೋತ್ರ, ತೊಡಿ ಸಂದಿ ಜೋಮು ಹಿಡಿದ್ರ, ಉಚ್ಚಿ ಹತೋಟಿ ತಪ್ಪಿದ್ರ, ಜ್ವರ ಬಂದ್ರ ಆಸನ ಬಿಟ್ಟು ತಕ್ಷಣ ದವಾಖಾನಿಗೆ ಹೋಗ್ರಿ. ಈಗ ತಗೊಳ್ಳೂ ಗುಳಿಗಿ ಡಾಕ್ಟರನ್ನ ಕೇಳದ ನಿಲ್ಲಸಬ್ಯಾಡ್ರಿ. ಮಣಕಾಲು ನೋವಿದ್ದವರು ವಜ್ರಾಸನಕ್ಕ ಕೂಡಬ್ಯಾಡ್ರಿ. ಅವರಿಗೆ ಕುರ್ಚಿ ಮ್ಯಾಲ ಕುಂತು ಮಾಡೂದು ಐತಿ, ಮುಂದಿನ ವಾರ ತೋರಸ್ತೀನಿ.